ಜಾಸ್ತಿ ಇರುವ ಅಯಾನನ್ನು ಬಿಟ್ಟು ಕಡಿಮೆ ಇರುವುದನ್ನೇ ಯಾಕೆ ಕಾಯಿಸುತ್ತಾರೆ?

ದಾವಣಗೆರೆಯ ಕಾಲೇಜೊಂದರಲ್ಲಿ ಎಂ.ಎಸ್ಸಿ. ಮಕ್ಕಳಿಗೆ ಪ್ಲಾಸ್ಮಾ ಭೌತಶಾಸ್ತ್ರ ಹೇಳಿಕೊಡುತ್ತೇನೆ. ಪ್ಲಾಸ್ಮಾ ಎಂದರೆ ಅಯಾನುಗಳೂ (ವಿದ್ಯುದಾವೇಶವಿರುವ ಪರಮಾಣುಗಳು) ಎಲೆಕ್ಟ್ರಾನುಗಳೂ ತುಂಬಿದ ಅನಿಲ. ರೇಡಿಯೋ ಅಲೆಯಿಂದ ಪ್ಲಾಸ್ಮಾ ಕಾಯಿಸುವ ಪಾಠವನ್ನು ಈಗೀಗ ದೊಡ್ಡ ಸಮೀಕರಣಗಳಿಂದ ಶುರುಮಾಡುವುದಿಲ್ಲ. ಮೊದಲು ಸಣ್ಣ ಲೆಕ್ಕ.

ಕಾಂತಕ್ಷೇತ್ರದಲ್ಲಿ ಅಯಾನುಗಳು ಸುತ್ತುತ್ತಿರುತ್ತವೆ. 1 ಟೆಸ್ಲಾ ಬಲದ ಕಾಂತಕ್ಷೇತ್ರದಲ್ಲಿ ಹೈಡ್ರೋಜನ್ನಿನ ಆವರ್ತನ, ಅಂದರೆ ಸೆಕೆಂಡಿಗೆ ಸುತ್ತುವ ಸುತ್ತುಗಳ ಲೆಕ್ಕ, ಸುಮಾರು 15.2 ಮೆಗಾಹರ್ಟ್ಸ್. ಹೈಡ್ರೋಜನ್ನಿನದೇ ಭಾರವಾದ ರೂಪ ಡ್ಯೂಟೀರಿಯಂ, ಅದರದ್ದು ಇದರ ಅರ್ಧ. ಹೀಲಿಯಂನ ಹಗುರ ರೂಪವಾದ ಹೀಲಿಯಂ-3ರದ್ದು ಹೈಡ್ರೋಜನ್ನಿನ ಮೂರರಲ್ಲಿ ಎರಡು ಪಾಲು. ಇದನ್ನು ಮಕ್ಕಳೇ ಬೋರ್ಡಿನ ಮೇಲೆ ಬರೆಯಬೇಕು. ಅದೇ ಆವರ್ತನದ ಅಲೆಯನ್ನು ಆಂಟೆನಾದಿಂದ ಕಳಿಸಿದರೆ ಅಯಾನು ಶಕ್ತಿ ಹೀರಿಕೊಳ್ಳುತ್ತದೆ ಎಂದು ಪುಸ್ತಕಗಳು ಹೇಳುತ್ತವೆ. ಡ್ಯೂಟೀರಿಯಂ ಪ್ಲಾಸ್ಮಾಕ್ಕೆ ಸ್ವಲ್ಪ ಹೈಡ್ರೋಜನ್ ಬೆರೆಸಿ, ಅಲೆಯನ್ನು ಹೈಡ್ರೋಜನ್ನಿಗೆ ಹೊಂದಿಸುತ್ತಾರೆ ಎಂದೂ ಹೇಳುತ್ತವೆ.

ಇಲ್ಲೇ ಜಗಳೂರು ಕಡೆಯ ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಮೇಡಂ, ಜಾಸ್ತಿ ಇರೋದು ಡ್ಯೂಟೀರಿಯಂ ಅಲ್ವಾ? ಅದಕ್ಕೇ ಟ್ಯೂನ್ ಮಾಡಿದ್ರೆ ಆಗಲ್ವಾ?"

ಇಡೀ ಅಧ್ಯಾಯದ ಜೀವ ಈ ಪ್ರಶ್ನೆಯಲ್ಲಿದೆ. ಉತ್ತರಕ್ಕೆ ಇಬ್ಬರನ್ನು ಎಬ್ಬಿಸಿ ಮೇಜಿನ ಸುತ್ತ ನಡೆಸಿದೆ. ಇಬ್ಬರೂ ಒಂದೇ ದಿಕ್ಕಿಗೆ ನಡೆದರೆ ಒಬ್ಬರು ಇನ್ನೊಬ್ಬರನ್ನು ತಳ್ಳುತ್ತಲೇ ಇರಬಹುದು. ಎದುರುಬದುರು ನಡೆದರೆ ಒಮ್ಮೆ ತಳ್ಳಿದ್ದು ಇನ್ನೊಮ್ಮೆ ತಡೆದಂತಾಗುತ್ತದೆ. ಕೊನೆಗೆ ಏನೂ ಉಳಿಯುವುದಿಲ್ಲ. ಆವರ್ತನ ಕೂಡಿದರೆ ಸಾಲದು, ಅಲೆಯ ವಿದ್ಯುತ್ ಕ್ಷೇತ್ರವೂ ಅಯಾನು ತಿರುಗುವ ದಿಕ್ಕಿಗೇ ತಿರುಗಬೇಕು. ಒಂದೇ ಬಗೆಯ ಅಯಾನು ತುಂಬಿರುವ ಕಡೆ, ಅದರದೇ ಆವರ್ತನದಲ್ಲಿ, ಆ ದಿಕ್ಕಿನ ಕ್ಷೇತ್ರ ಹೆಚ್ಚುಕಡಿಮೆ ಇಲ್ಲವಾಗುತ್ತದೆ. ಅದನ್ನು ಅಳಿಸಿಹಾಕುವುದು ಆ ಅಯಾನುಗಳೇ! ಬೇರೆ ಬಗೆಯ ಅಯಾನು ಸ್ವಲ್ಪವೇ ಇದ್ದರೆ ಅದಕ್ಕೆ ಈ ತೊಂದರೆ ಇಲ್ಲ. ಜೊತೆಗೆ ಬಂದ ಶಕ್ತಿಯನ್ನೆಲ್ಲ ಕೆಲವೇ ಕಣಗಳು ಹಂಚಿಕೊಳ್ಳುವುದರಿಂದ ಅವು ವಿಪರೀತ ವೇಗ ಪಡೆಯುತ್ತವೆ. ಆಮೇಲೆ ಡಿಕ್ಕಿ ಹೊಡೆಯುತ್ತಾ ಉಳಿದ ಪ್ಲಾಸ್ಮಾವನ್ನು ಕಾಯಿಸುತ್ತವೆ.

ಅಷ್ಟಾದ ಮೇಲೆ ಅವಳ ಪ್ರಶ್ನೆಯನ್ನೇ ಮುಂದಕ್ಕೆ ಒಯ್ದೆವು. ಬೋರ್ಡಿನ ಮೇಲೆ ಒಂದು, ಅರ್ಧ, ಮೂರರಲ್ಲೆರಡು ಎಂದು ಇತ್ತಲ್ಲ, ಹೀಲಿಯಂ-3 ಬರುವುದು ಉಳಿದೆರಡರ ನಡುವೆ. ಹೈಡ್ರೋಜನ್ ಮತ್ತು ಡ್ಯೂಟೀರಿಯಂ ಎರಡನ್ನೂ ಸರಿಯಾದ ಪ್ರಮಾಣದಲ್ಲಿ ಬೆರೆಸಿದರೆ, ಬೇಕಾದ ದಿಕ್ಕಿನ ಕ್ಷೇತ್ರ ಆ ನಡುವಿನ ಜಾಗದಲ್ಲಿ ಬಲವಾಗುತ್ತದೆ. ಆಗ ಶೇಕಡಾ 1ಕ್ಕಿಂತ ಕಡಿಮೆ ಹೀಲಿಯಂ-3 ಇದ್ದರೂ ಸಾಕು. ಅಮೆರಿಕದ ಆಲ್ಕೇಟರ್ ಸಿ-ಮಾಡ್ ಮತ್ತು ಇಂಗ್ಲೆಂಡಿನ ಜೆಟ್ (JET) ಎಂಬ ಪರಮಾಣು ಸಮ್ಮಿಲನದ ಪ್ರಯೋಗ ಯಂತ್ರಗಳಲ್ಲಿ ಇದು ಸಾಬೀತಾಗಿ, 2017ರಲ್ಲಿ ಪ್ರಕಟವಾಯಿತು. ಡ್ಯೂಟೀರಿಯಂ ಮತ್ತು ಟ್ರಿಟಿಯಂ (ಹೈಡ್ರೋಜನ್ನಿನ ಇನ್ನೂ ಭಾರದ ರೂಪ) ಬೆಸೆದು ಒಂದಾಗುವ ಸಮ್ಮಿಲನದಲ್ಲಿ ಹುಟ್ಟುವ 3.5 ಮೆಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಆಲ್ಫಾ ಕಣಗಳು (ಹೀಲಿಯಂ ಬೀಜಗಳು) ಹೇಗೆ ವರ್ತಿಸುತ್ತವೆ ಎಂದು ಮೊದಲೇ ತಿಳಿಯಲು ಇಂಥ ವೇಗದ ಅಯಾನುಗಳು ಬಹಳ ಬೇಕು.

ಹರಿಹರ, ಚನ್ನಗಿರಿಯಿಂದ ಬೆಳಗಿನ ಬಸ್ಸಿಗೆ ಬರುವ ಮಕ್ಕಳು ಇಷ್ಟು ಹೊಸ ಸಂಶೋಧನೆಯನ್ನು ಬರೀ ಗುಣಾಕಾರದಿಂದ ಹಿಡಿದರು. ನನಗೆ ತುಂಬಾ ಖುಷಿಯಾಯಿತು. ಸಿಲಬಸ್ ಮುಗಿಸುವ ಅವಸರದಲ್ಲಿ "ಅದು ಆಮೇಲೆ ನೋಡೋಣ" ಎಂದು ದಾಟಿಸುವ ಪ್ರಶ್ನೆಗಳನ್ನು ಈಗ ಬೋರ್ಡಿನ ಮೂಲೆಯಲ್ಲಿ ಬರೆಸುತ್ತೇನೆ. ಅವತ್ತಿನ ತರಗತಿ ಮುಗಿಯುವವರೆಗೆ ಅಳಿಸುವಂತಿಲ್ಲ.

ಈ ಸಲದ ಅಸೈನ್‌ಮೆಂಟ್ ಇದು: ಫ್ರಾನ್ಸ್‌ನಲ್ಲಿ ಕಟ್ಟುತ್ತಿರುವ ಈಟರ್ (ITER) ಎಂಬ ಸಮ್ಮಿಲನ ಯಂತ್ರದ ಕಾಂತಕ್ಷೇತ್ರ 5.3 ಟೆಸ್ಲಾ, ಅದರ ಆಂಟೆನಾದ ವ್ಯಾಪ್ತಿ 40ರಿಂದ 55 ಮೆಗಾಹರ್ಟ್ಸ್. ಇದರಲ್ಲಿ ಯಾವ ಅಯಾನಿಗೆ ಟ್ಯೂನ್ ಮಾಡಬಹುದು, ಯಾಕೆ?