ಮೊಬೈಲ್ ಸ್ಟಾರ್ಟರ್ ಪಾಸ್‌ವರ್ಡ್ ಇನ್ನೂ 1234 ಇದೆಯಾ?

ಕೃಷಿಯಲ್ಲಿ ಸೈಬರ್ ದಾಳಿ ಅಂದರೆ ಅಮೆರಿಕದ ಸುದ್ದಿಯೇ ಮೊದಲು ಬರುತ್ತದೆ. 2021ರಲ್ಲಿ ಅಯೋವಾದ ನ್ಯೂ ಕೋಆಪರೇಟಿವ್ ಎಂಬ ಧಾನ್ಯ ಸಹಕಾರಿ ಸಂಘದ ಕಂಪ್ಯೂಟರುಗಳನ್ನು ಬ್ಲ್ಯಾಕ್‌ಮ್ಯಾಟರ್ ಎಂಬ ಹ್ಯಾಕರ್ ಗುಂಪು ಕೆಡಿಸಿ 59 ಲಕ್ಷ ಡಾಲರ್ ಕೇಳಿತ್ತು. ನಮ್ಮ ಅಡಿಕೆ, ದಾಳಿಂಬೆ ತೋಟಗಳಲ್ಲಿ ನೆಟ್‌ವರ್ಕಿಗೆ ಸಿಕ್ಕಿರುವುದು ಬೋರ್‌ವೆಲ್ಲಿನ ಮೊಬೈಲ್ ಸ್ಟಾರ್ಟರ್, ಅಂದರೆ ಫೋನಿನಿಂದಲೇ ಮೋಟಾರ್ ಆನ್-ಆಫ್ ಮಾಡುವ ಡಬ್ಬಿ. ಅದನ್ನು ಕೆಡಿಸಲು ದೊಡ್ಡ ಗುಂಪೇನೂ ಬೇಕಿಲ್ಲ.

ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಕಾಲ್ ಅಥವಾ ಎಸ್‌ಎಂಎಸ್ ಬಂದರೆ ರಿಲೇ ಎಂಬ ಸಣ್ಣ ಸ್ವಿಚ್ ಎಳೆಯುತ್ತದೆ, ಕಾಂಟ್ಯಾಕ್ಟರ್ ಎಂಬ ದೊಡ್ಡ ಸ್ವಿಚ್ ಕೂರುತ್ತದೆ, ಮೋಟಾರ್ ಓಡುತ್ತದೆ. ಮಿಸ್ಡ್ ಕಾಲ್‌ಗೇ ಆನ್ ಆಗುವ ಮಾದರಿಗಳು ಕರೆ ಮಾಡಿದವರ ನಂಬರನ್ನಷ್ಟೇ ನೋಡುತ್ತವೆ. ಇಂಟರ್ನೆಟ್ ಕರೆಯಲ್ಲಿ ಬೇರೆಯವರ ನಂಬರ್ ತೋರಿಸಲು ಬರುತ್ತದೆ, ಆದ್ದರಿಂದ ಪಿನ್ ಒತ್ತಿದ ಮೇಲೆ ಮಾತ್ರ ಆನ್ ಆಗುವ ಮಾದರಿ ಮೇಲು. ಎಸ್‌ಎಂಎಸ್ ಮಾದರಿಗಳಿಗೆ ಕಂಪನಿಯಿಂದ ಬರುವ ಪಾಸ್‌ವರ್ಡ್ ಸಾಮಾನ್ಯವಾಗಿ 1234 ಅಥವಾ 0000. ಅದು ಡಬ್ಬಿಯ ಜೊತೆ ಕೊಡುವ ಪುಸ್ತಕದಲ್ಲೇ ಅಚ್ಚಾಗಿರುತ್ತದೆ. ಫಿಟ್ಟಿಂಗ್ ಆದ ದಿನವೇ ಬದಲಿಸಿ.

ಆಮೇಲೆ ಮೋಟಾರ್ ಆನ್ ಮಾಡಲು ಡಬ್ಬಿ ಒಪ್ಪುವ ನಂಬರುಗಳ ಪಟ್ಟಿ ತರಿಸಿ ನೋಡಿ, ಬಹಳಷ್ಟು ಮಾದರಿಗಳಲ್ಲಿ ಅದಕ್ಕೊಂದು ಎಸ್‌ಎಂಎಸ್ ಕಮಾಂಡ್ ಇದೆ. ಫಿಟ್ಟರ್ ತನ್ನ ಫೋನಿನಿಂದ ಟೆಸ್ಟ್ ಮಾಡಿ ಆ ನಂಬರನ್ನು ಅಲ್ಲೇ ಬಿಟ್ಟಿರುತ್ತಾನೆ. ಹೋದ ವರ್ಷ ತೋಟ ನೋಡಿಕೊಳ್ಳುತ್ತಿದ್ದವನದೂ ಇರಬಹುದು. ನೀವೇ ಕೈಬಿಟ್ಟ ಹಳೇ ನಂಬರ್ ಇದ್ದರೆ ಅದನ್ನು ಮೊದಲು ತೆಗೆಯಿರಿ: ಬಂದ್ ಆದ ನಂಬರನ್ನು ಕಂಪನಿಗಳು ಕೆಲವು ತಿಂಗಳ ನಂತರ ಬೇರೆಯವರಿಗೆ ಕೊಡುತ್ತವೆ.

ಡಬ್ಬಿಯ ಸಿಮ್ ಯಾರ ಹೆಸರಲ್ಲಿದೆ ಎಂದು ಅಂಗಡಿಯವರನ್ನು ಕೇಳಿ. ಅವರ ಹೆಸರಲ್ಲಿದ್ದರೆ ಕಳವಾದಾಗ ಬ್ಲಾಕ್ ಮಾಡಿಸಲೂ ನಿಮ್ಮ ಕೈಲಾಗದು. ನಿಮ್ಮ ಹೆಸರಿನಲ್ಲಿರುವ ಸಿಮ್‌ಗಳನ್ನು ಸಂಚಾರ್ ಸಾಥಿ ಜಾಲತಾಣದಲ್ಲಿ ನೋಡಬಹುದು.

ಯಾರೋ ಮೋಟಾರ್ ಆನ್ ಮಾಡಿದರೆ ಏನು ಮಹಾ ಅನ್ನಿಸಬಹುದು. ನೀರಿಲ್ಲದ ಬೋರಿನಲ್ಲಿ ಸಬ್‌ಮರ್ಸಿಬಲ್ ಓಡಿದರೆ ಬೇರಿಂಗ್ ಸವೆದು ವೈಂಡಿಂಗ್ ಸುಡುತ್ತದೆ, ಅದನ್ನು ತಣ್ಣಗಿಡುವುದೇ ಸುತ್ತಲಿನ ನೀರು. ನೀರಿಲ್ಲದೆ ಓಡಿದರೆ ಮೋಟಾರ್ ನಿಲ್ಲಿಸುವ ಡ್ರೈ ರನ್ ರಕ್ಷಣೆ ಮೊಬೈಲ್ ಡಬ್ಬಿಯಲ್ಲೇ ಇದೆ ಅನ್ನುತ್ತಾರೆ, ಆದರೆ ಪಾಸ್‌ವರ್ಡ್ ಗೊತ್ತಿದ್ದವನು ಆ ಸೆಟ್ಟಿಂಗನ್ನೂ ಎಸ್‌ಎಂಎಸ್‌ನಲ್ಲೇ ಬದಲಿಸಬಲ್ಲ. ಹಾಗಾಗಿ ಪ್ಯಾನೆಲ್‌ನಲ್ಲಿ ಕೈಯಿಂದ ತಿರುಗಿಸಿ ಸೆಟ್ ಮಾಡುವ ಬೇರೆಯೇ ಡ್ರೈ ರನ್ ರಿಲೇ ಹಾಕಿಸಿ. ನೀರು ಚೆನ್ನಾಗಿ ಬರುವಾಗ ಕ್ಲ್ಯಾಂಪ್ ಮೀಟರಿನಲ್ಲಿ ಆಂಪ್ ನೋಡಿ, ಅದರ ಮುಕ್ಕಾಲಿನ ಹತ್ತಿರ ಇಡಿ. 12 ಆಂಪ್ ಎಳೆಯುವ ಮೋಟಾರಿಗೆ 9. ಸುಮ್ಮಸುಮ್ಮನೆ ಟ್ರಿಪ್ ಆಗುತ್ತಿದ್ದರೆ ಸ್ವಲ್ಪ ಇಳಿಸಿ, ರಿಲೇಯನ್ನೇ ಬೈಪಾಸ್ ಮಾಡಿಸಬೇಡಿ.

ಇನ್ನೊಂದು ಇದಕ್ಕಿಂತ ದೊಡ್ಡದು. ರಿಪೇರಿ ಮಾಡುವಾಗ ಫೋನಿನಿಂದ ಆಫ್ ಮಾಡಿದ್ದು ಲೆಕ್ಕಕ್ಕಿಲ್ಲ. ಮೇನ್ ಸ್ವಿಚ್ ಇಳಿಸಿ, ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ ಮೇಲೆಯೇ ವೈರಿಗೆ ಕೈ ಹಾಕಬೇಕು. ಮನೆಯಲ್ಲಿ ಕೂತ ಮಗ ಗೊತ್ತಿಲ್ಲದೆ ಆನ್ ಮಾಡಲು ಹ್ಯಾಕರ್ ಆಗಿರಬೇಕಿಲ್ಲ.

ತೋಟದ ಕ್ಯಾಮೆರಾ ವಿಷಯ ಬೇಗ ಮುಗಿಯುತ್ತದೆ. 2016ರಲ್ಲಿ ಮಿರಾಯ್ ಎಂಬ ಮಾಲ್‌ವೇರ್, ಪಾಸ್‌ವರ್ಡ್ ಬದಲಿಸದ ಕ್ಯಾಮೆರಾ, ಡಿವಿಆರ್‌ಗಳಿಗೆ (ಕ್ಯಾಮೆರಾ ರೆಕಾರ್ಡರ್) ನುಗ್ಗಿದ್ದು ಕಂಪನಿಯಿಂದಲೇ ಬರುವ ಅರವತ್ತು ಚಿಲ್ಲರೆ ಪಾಸ್‌ವರ್ಡುಗಳ ಪಟ್ಟಿ ಹಿಡಿದುಕೊಂಡೇ. ಕ್ಯಾಮೆರಾದ್ದೂ ರೂಟರಿನದ್ದೂ ಎರಡೂ ಬದಲಿಸಿ, ರೂಟರಿನಲ್ಲಿ ಯುಪಿಎನ್‌ಪಿ (ಹೊರಗಿನಿಂದ ಬರಲು ತಾನೇ ದಾರಿ ತೆರೆಯುವ ಸೆಟ್ಟಿಂಗ್) ಆಫ್ ಮಾಡಿ, ಕ್ಯಾಮೆರಾವನ್ನು ಗೆಸ್ಟ್ ವೈಫೈಗೆ ಜೋಡಿಸಿ. ಕ್ಯಾಮೆರಾದ ತಳದ ಕ್ಯೂಆರ್ ಸ್ಟಿಕ್ಕರ್ ಎಷ್ಟೋ ಮಾದರಿಗಳಲ್ಲಿ ಅದರ ಗುರುತಿನ ಸಂಖ್ಯೆ. ಅದು ಕಾಣುವ ಫೋಟೋ ಗ್ರೂಪಿಗೆ ಹಾಕಬೇಡಿ.

ಕೊನೆಗೆ ಎಲ್ಲದರ ಕೀಲಿ ಇರುವುದು ನಿಮ್ಮ ಫೋನಿನಲ್ಲಿ. ಪಿಎಂ ಕಿಸಾನ್ ಹೆಸರಿನ ಎಪಿಕೆ ಫೈಲ್ (ಪ್ಲೇ ಸ್ಟೋರ್ ಇಲ್ಲದೆ ಆ್ಯಪ್ ಹಾಕುವ ಫೈಲ್) ವಾಟ್ಸಾಪಿನಲ್ಲಿ ಬರುತ್ತದೆ. ಇನ್‌ಸ್ಟಾಲ್ ಮಾಡಿ ಎಸ್‌ಎಂಎಸ್ ಅನುಮತಿ ಕೊಟ್ಟರೆ ಒಟಿಪಿಯೆಲ್ಲ ಅವರಿಗೆ. ಹಾಕಿಬಿಟ್ಟಿದ್ದರೆ ಕೂಡಲೇ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೂ ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ಕರೆ ಮಾಡಿ. ಆಮೇಲೆ ಫ್ಯಾಕ್ಟರಿ ರೀಸೆಟ್. ಸ್ಟಾರ್ಟರಿನ ಪಾಸ್‌ವರ್ಡನ್ನೂ ಆಗಲೇ ಬದಲಿಸಿ: ನೀವು ಕಳಿಸಿದ ಪ್ರತಿ ಕಮಾಂಡಿನಲ್ಲೂ ಅದು ಮುಚ್ಚುಮರೆಯಿಲ್ಲದೆ ಬರೆದಿರುತ್ತದೆ.