ಟೇಲರ್ ಸಾಹೇಬರ ಸುರಪುರದಲ್ಲಿ ಎರಡು ದಿನ: ಹೋಗುವವರಿಗೆ ಒಂದಿಷ್ಟು ಮಾತು

ಸುರಪುರಕ್ಕೆ ನಾನು ಎರಡು ಸಲ ಹೋಗಿದ್ದೇನೆ. ಮೊದಲನೇ ಸಲ ಸುಮ್ನೆ ಹೋದೆ. ಬೆಟ್ಟ ಹತ್ತಿದೆ, ಬಂಗಲೆ ನೋಡಿದೆ, ಗುಡಿಯಲ್ಲಿ ಕೈಮುಗಿದೆ, ಮಧ್ಯಾಹ್ನದ ಬಸ್ಸಿಗೆ ವಾಪಸ್ ಬಂದೆ. ಎರಡನೇ ಸಲ ಒಂದು ಪುಸ್ತಕ ಓದಿಕೊಂಡು ಹೋದೆ. ಎರಡು ದಿನ ಸಾಲಲಿಲ್ಲ. ಅದಕ್ಕೇ ರೈಲು, ರೂಮು, ಊಟದ ವಿಷಯಕ್ಕಿಂತ ಮೊದಲು ಆ ಪುಸ್ತಕದ ಹೆಸರು ಹೇಳಿಬಿಡುತ್ತೇನೆ: 'ದಿ ಸ್ಟೋರಿ ಆಫ್ ಮೈ ಲೈಫ್', ಫಿಲಿಪ್ ಮೆಡೋಸ್ ಟೇಲರ್ ಅವರ ಆತ್ಮಕಥೆ. ಅವರು ತೀರಿಕೊಂಡ ಮರುವರ್ಷ, 1877ರಲ್ಲಿ, ಮಗಳು ಆಲಿಸ್ ಅಚ್ಚಿಗೆ ಸಿದ್ಧ ಮಾಡಿದ್ದು. ಹಳೇ ಪುಸ್ತಕ, ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಫೋನಿಗೆ ಇಳಿಸಿಕೊಳ್ಳಿ. ಇಡೀ ಓದಲು ಪುರುಸೊತ್ತಿಲ್ಲ ಅಂದರೆ ಸುರಪುರದ ಅಧ್ಯಾಯಗಳನ್ನಾದರೂ ಓದಿ, ಅಲ್ಲಿ ಊರಿನ ಹೆಸರು 'ಶೋರಾಪುರ್' ಅಂತ ಇರುತ್ತದೆ.

ಇಂಗ್ಲೆಂಡಿನ ವಿಕ್ಟೋರಿಯಾ ರಾಣಿಯ ಕಾಲದ ಕಾದಂಬರಿಕಾರರು ಅಂದ ತಕ್ಷಣ ನಮಗೆ ಲಂಡನ್ನಿನ ಮಂಜು, ಕುದುರೆಗಾಡಿ ಇವೇ ಕಣ್ಣಿಗೆ ಬರುತ್ತವೆ, ಅಲ್ವಾ? ಆ ಕಾಲದ ಒಬ್ಬ ಹೆಸರಾಂತ ಕಾದಂಬರಿಕಾರ ನಮ್ಮ ಯಾದಗಿರಿ ಜಿಲ್ಲೆಯ ಬಂಡೆಗಲ್ಲಿನ ಬೆಟ್ಟದ ಮೇಲೆ ಮನೆ ಕಟ್ಟಿಕೊಂಡು ಹತ್ತು ವರ್ಷಕ್ಕೂ ಜಾಸ್ತಿ ಇದ್ದರು ಅನ್ನೋದು ನಮ್ಮಲ್ಲೇ ಎಷ್ಟೋ ಜನಕ್ಕೆ ಗೊತ್ತಿಲ್ಲ. ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿನೈದು ವರ್ಷದ ಹುಡುಗ ವ್ಯಾಪಾರದ ಕೆಲಸ ಕಲಿಯೋಕೆ ಅಂತ 1824ರಲ್ಲಿ ಮುಂಬೈಗೆ ಬಂದಿಳಿದ. ಬಂದು ನೋಡಿದರೆ ಸೇರಬೇಕಿದ್ದ ಅಂಗಡಿಯೇ ಮುಳುಗುವ ಸ್ಥಿತಿಯಲ್ಲಿತ್ತು. ಅಲ್ಲಿಂದ ಹೈದರಾಬಾದ್ ನಿಜಾಮರ ಸೈನ್ಯಕ್ಕೆ ಸೇರಿದ. ಆಮೇಲೆ ಇಲ್ಲಿಯ ಭಾಷೆಗಳನ್ನು ಕಲಿತದ್ದು, ಭೂಮಿ ಅಳೆಯೋದು, ಕಾನೂನು, ಚಿತ್ರ ಬರೆಯೋದು, ಎಲ್ಲ ಬಹುಪಾಲು ಸ್ವಂತವಾಗಿಯೇ. 1839ರಲ್ಲಿ ಠಕ್ಕರ ಬಗ್ಗೆ ಬರೆದ 'ಕನ್ಫೆಷನ್ಸ್ ಆಫ್ ಎ ಥಗ್' ಲಂಡನ್ನಿನಲ್ಲಿ ಬಂತು. ಅಚ್ಚಾಗುತ್ತಿದ್ದ ಹಾಗೇ ಕರಡು ಹಾಳೆಗಳನ್ನು ವಿಕ್ಟೋರಿಯಾ ರಾಣಿ ತರಿಸಿಕೊಂಡು ಓದಿದರಂತೆ. ಮರುವರ್ಷ 'ಟಿಪ್ಪೂ ಸುಲ್ತಾನ್' ಕಾದಂಬರಿ. ಅದಾದ ಮೇಲೆ, 1841ರ ಕೊನೆಗೆ, ಸುರಪುರ.

ಸರಿ, ಹೋಗೋದು ಹೇಗೆ. ಬೆಂಗಳೂರಿನಿಂದಾದರೆ ರಾತ್ರಿ ರೈಲು ಹಿಡಿದು ಯಾದಗಿರಿಯಲ್ಲಿ ಇಳಿಯಿರಿ. ಹಾಸನ–ಸೊಲ್ಲಾಪುರ ಎಕ್ಸ್‌ಪ್ರೆಸ್ ನನಗೆ ಹೊಂದಿತು, ಆದರೆ ಅದು ಬೆಳಕು ಹರಿಯುವ ಮೊದಲೇ ಯಾದಗಿರಿ ಮುಟ್ಟುತ್ತದೆ. ಅಲಾರಂ ಇಟ್ಟುಕೊಳ್ಳಿ, ನಿದ್ದೆಯಲ್ಲಿ ಊರು ದಾಟಿದರೆ ಮುಂದೆ ವಾಡಿಯಲ್ಲಿ ಕೂತು ವಾಪಸ್ ರೈಲು ಕಾಯಬೇಕು. ಯಾದಗಿರಿಯಿಂದ ಶಹಾಪುರದ ಮೇಲೆ ಸುರಪುರಕ್ಕೆ ಐವತ್ತು ಚಿಲ್ಲರೆ ಕಿಲೋಮೀಟರ್. ಬಸ್ಸು ಸಿಗುತ್ತವೆ. ಶಹಾಪುರ ಬಂದಾಗ ಬೆಟ್ಟದ ಕಡೆ ನೋಡಿ, ನಾಲ್ಕು ಗುಡ್ಡ ಸೇರಿ ಅಂಗಾತ ಮಲಗಿದ ಬುದ್ಧನ ಹಾಗೆ ಕಾಣುತ್ತವೆ. ಬಸ್ಸಿನಲ್ಲಿ ಯಾರನ್ನಾದರೂ ಕೇಳಿ, ಯಾವ ಕಿಟಕಿ ಅಂತ ತೋರಿಸುತ್ತಾರೆ.

ಯಾವಾಗ ಹೋಗಬೇಕು ಅನ್ನೋದು ಮುಖ್ಯ. ನವೆಂಬರ್‌ನಿಂದ ಫೆಬ್ರವರಿ. ನಾನು ಮೊದಲನೇ ಸಲ ಏಪ್ರಿಲ್‌ನಲ್ಲಿ ಹೋಗಿ ತಪ್ಪು ಮಾಡಿದೆ. ಬೆಳಿಗ್ಗೆ ಹತ್ತಕ್ಕೆಲ್ಲ ಬಂಡೆಗಳು ಹೆಂಚಿನ ಹಾಗೆ ಕಾದಿದ್ದವು, ಬೇಗ ವಾಪಸ್ ಬಂದಿದ್ದಕ್ಕೆ ಅದೂ ಒಂದು ಕಾರಣ. ಜಾತ್ರೆ ನೋಡುವ ಆಸೆ ಇದ್ದವರು ಮಾತ್ರ ಶ್ರಾವಣದಲ್ಲಿ, ಕೃಷ್ಣ ಜನ್ಮಾಷ್ಟಮಿಯ ಆಸುಪಾಸು ಹೋಗಿ. ವೇಣುಗೋಪಾಲಸ್ವಾಮಿ ಗುಡಿಯಲ್ಲಿ ಹಾಲೋಕುಳಿ ನಡೆಯುತ್ತದೆ, ಜಾರುವ ಕಂಬ ಹತ್ತುವ ಆಟ ನೋಡೋಕೆ ಸುತ್ತಲಿನ ಹಳ್ಳಿಗಳೆಲ್ಲ ಸೇರುತ್ತವೆ.

ಸುರಪುರದಲ್ಲಿ ಇಳಿದು ಆಟೋದವರಿಗೆ 'ಟೇಲರ್ ಮಂಜಿಲ್' ಅನ್ನಿ. ಬರೀ 'ಟೇಲರ್' ಅಂದರೆ ಬಟ್ಟೆ ಹೊಲಿಯುವವರ ಅಂಗಡಿಗೆ ಕರೆದುಕೊಂಡು ಹೋಗುವುದೂ ಉಂಟು. ಟೇಲರ್ ಇದ್ದ ಬಂಗಲೆಯೇ ಅದು. ಸರ್ಕಾರದ ಪ್ರವಾಸಿ ಮಂದಿರವಾಗಿ ಬಳಕೆಯಲ್ಲಿದೆ, ಹಾಗಾಗಿ ಸಾಹೇಬರು ಯಾರಾದರೂ ಬಂದು ಉಳಿದಿದ್ದರೆ ಒಳಗೆ ಹೋಗೋಕೆ ಆಗಲ್ಲ. ಮೊದಲೇ ವಿಚಾರಿಸಿ ಹೋಗುವುದು ಒಳ್ಳೆಯದು. ಒಳಗೆ ಬಿಡದಿದ್ದರೂ ಬೇಜಾರು ಮಾಡಿಕೊಳ್ಳಬೇಡಿ. ನಿಜವಾಗಿ ನೋಡಬೇಕಾದದ್ದು ಹೊರಗಿದೆ. ಬಂಗಲೆಯ ಮುಂದೆ ನಿಂತರೆ ಊರು ಕೆಳಗೆ ಬಟ್ಟಲಿನಲ್ಲಿ ಇಟ್ಟ ಹಾಗೆ ಕಾಣುತ್ತದೆ. ಸುತ್ತ ದುಂಡು ಬಂಡೆಗಳ ಗುಡ್ಡ, ನಡುವೆ ಮನೆಗಳು, ಆ ಕಡೆ ಅರಮನೆ. ಇಲ್ಲಿ ನಿಂತವರಿಗೆ ಅರಮನೆ ಕಾಣುತ್ತದೆ, ಅರಮನೆಯಲ್ಲಿ ನಿಂತವರಿಗೆ ಈ ಬಂಗಲೆ ಕಾಣುತ್ತದೆ. ಪುಸ್ತಕ ಓದಿ ಬಂದವರಿಗೆ ಅದೊಂದು ನೋಟವೇ ಸಾಕು, ಎದೆ ಭಾರ ಆಗುತ್ತದೆ.

ಯಾಕೆ ಅಂತ ಹೇಳುತ್ತೇನೆ. ಸುರಪುರ ಬೇಡ ನಾಯಕರ ಸಂಸ್ಥಾನ. ಇವರ ಹಳೇ ಕೋಟೆ ವಾಗಿನಗೇರಾ ಇಲ್ಲೇ ಹತ್ತಿರದಲ್ಲಿದೆ, ಅದನ್ನು ಹಿಡಿಯೋಕೆ 1705ರಲ್ಲಿ ಮುದುಕ ಔರಂಗಜೇಬನೇ ಖುದ್ದಾಗಿ ಬಂದಿದ್ದ, ಅಂಥ ಜನ ಇವರು. ಟೇಲರ್ ಬಂದಾಗ ದೊರೆ ತೀರಿಕೊಂಡಿದ್ದರು, ಪಟ್ಟಕ್ಕೆ ಬರಬೇಕಾದ ವೆಂಕಟಪ್ಪ ನಾಯಕ ಇನ್ನೂ ಚಿಕ್ಕ ಹುಡುಗ. ತಾಯಿ ರಾಣಿ ಈಶ್ವರಮ್ಮ ಒಂದು ಕಡೆ, ಹುಡುಗನ ಚಿಕ್ಕಪ್ಪ ಇನ್ನೊಂದು ಕಡೆ. ಜಗಳ ಬಿಡಿಸೋಕೆ ಬಂದ ಟೇಲರ್, ಹುಡುಗ ದೊಡ್ಡವನಾಗುವ ತನಕ, ಅಂದರೆ 1853ರವರೆಗೆ, ಆಡಳಿತ ನೋಡಿಕೊಂಡರು. ಆ ಹುಡುಗ ಅವರನ್ನು 'ಅಪ್ಪಾ' ಅಂತ ಕರೆಯುತ್ತಿದ್ದ. ಇಂಗ್ಲಿಷ್ ಪುಸ್ತಕದ ಮಧ್ಯೆ ಆ ಒಂದು ಕನ್ನಡ ಪದ ಕಂಡಾಗ ನಾನು ಓದೋದು ನಿಲ್ಲಿಸಿ ಸುಮ್ಮನೆ ಕೂತಿದ್ದೆ.

ಅದೇ ವರ್ಷಗಳಲ್ಲಿ, 1844ರಲ್ಲಿ, ಟೇಲರ್ ಅವರ ಹೆಂಡತಿ ಮೇರಿ ತೀರಿಕೊಂಡರು. ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್ ಅವರ ಮಗಳು. ಆಮೇಲೆ ಈ ಬೆಟ್ಟದ ಮೇಲೆ ಅವರು ಎಷ್ಟು ಒಂಟಿಯಾಗಿದ್ದರು ಅನ್ನೋದು ಪುಸ್ತಕ ಓದಿದರೆ ತಿಳಿಯುತ್ತದೆ. ಹಗಲೆಲ್ಲ ಕಂದಾಯ, ಕೆರೆ, ರಸ್ತೆ, ಜಗಳ. ಜೊತೆಗೆ ಲಂಡನ್ನಿನ 'ದಿ ಟೈಮ್ಸ್' ಪತ್ರಿಕೆಗೆ ಇಲ್ಲಿಂದಲೇ ವರದಿ ಬರೆಯುತ್ತಿದ್ದರು. ಸುರಪುರದಲ್ಲಿದ್ದ ಅಷ್ಟೂ ವರ್ಷ ಹೊಸ ಕಾದಂಬರಿ ಯಾವುದೂ ಹೊರಬರಲಿಲ್ಲ. ಇಲ್ಲಿ ಕಂಡದ್ದು ಕೇಳಿದ್ದೆಲ್ಲ ಆಮೇಲೆ ಬಂತು.

ಕಥೆಯ ಕೊನೆ ಹೀಗೆ. ಟೇಲರ್ ಹೋದ ಮೇಲೆ ವೆಂಕಟಪ್ಪ ನಾಯಕರು ತಾವೇ ಆಳತೊಡಗಿದರು. 1858ರ ಫೆಬ್ರವರಿಯಲ್ಲಿ ಬ್ರಿಟಿಷರ ಮೇಲೆ ತಿರುಗಿಬಿದ್ದರು. ಸೋತು ಹೈದರಾಬಾದಿಗೆ ಹೋದಾಗ ಅಲ್ಲಿ ಸೆರೆ ಸಿಕ್ಕರು. ಟೇಲರ್ ಹೋಗಿ ಜೈಲಿನಲ್ಲಿ ಅವರನ್ನು ಕಂಡರು. ಯಾರು ಎತ್ತಿಕಟ್ಟಿದರು ಅಂತ ಹೆಸರು ಹೇಳಿದರೆ ಶಿಕ್ಷೆ ಹಗುರ ಆಗಬಹುದಿತ್ತು. ರಾಜ ಹೇಳಲಿಲ್ಲ. ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಅಂದರಂತೆ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿಯಿತು. ಮದ್ರಾಸಿನ ಕಡೆಯ ಕೋಟೆಗೆ ಸಾಗಿಸುವ ದಾರಿಯಲ್ಲಿ, ಮೊದಲನೇ ಬಿಡಾರದಲ್ಲೇ, ಕಾವಲಿನ ಅಧಿಕಾರಿಯ ಪಿಸ್ತೂಲಿನಿಂದ ಗುಂಡು ಹಾರಿ ರಾಜ ತೀರಿಕೊಂಡರು. ತಾವೇ ಹಾರಿಸಿಕೊಂಡರು ಅಂತ ಟೇಲರ್ ಬರೆಯುತ್ತಾರೆ. ಇಪ್ಪತ್ನಾಲ್ಕನೇ ವರ್ಷ ದಾಟಲ್ಲ ಅಂತ ಹುಡುಗನ ಜಾತಕದಲ್ಲಿ ಬರೆದಿದ್ದ ವಿಷಯ ರಾಣಿ ಎಷ್ಟೋ ವರ್ಷದ ಹಿಂದೆಯೇ ಅವರಿಗೆ ಗುಟ್ಟಾಗಿ ಹೇಳಿದ್ದರಂತೆ. 1860ರಲ್ಲಿ ಬ್ರಿಟಿಷರು ಸುರಪುರವನ್ನು ನಿಜಾಮರಿಗೆ ಕೊಟ್ಟುಬಿಟ್ಟರು, ಸಂಸ್ಥಾನ ಅಲ್ಲಿಗೆ ಮುಗಿಯಿತು. ಟೇಲರ್ ಈ ನೆಲವನ್ನು ನಿಜವಾಗಿ ಪ್ರೀತಿಸಿದರು, ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಅವರು ಯಾರ ಕೆಲಸದಲ್ಲಿದ್ದರೋ ಅವರೇ ಆ ಹುಡುಗನ ರಾಜ್ಯ ಕಿತ್ತುಕೊಂಡರು. ಎರಡೂ ನಿಜ. ಬಂಗಲೆ ನೋಡಿದ ಮೇಲೆ ಅರಮನೆ ಕಡೆಗೂ ಹೋಗಲೇಬೇಕು ಅಂತ ನಾನು ಒತ್ತಿ ಹೇಳೋದು ಅದಕ್ಕೇ. ವಂಶದವರು ಊರಲ್ಲೇ ಇದ್ದಾರೆ, ಕೇಳಿಕೊಂಡು ಒಳಗೆ ಹೋಗಿ, ಕೇಳದೆ ಫೋಟೊ ತೆಗೆಯಬೇಡಿ. ಕಟ್ಟೆ ಮೇಲೆ ಕೂತ ಹಿರಿಯರನ್ನು ಮಾತಾಡಿಸಿ. ನಾನು ಟೇಲರ್ ಬಗ್ಗೆ ಕೇಳಿದೆ, ಒಬ್ಬ ಅಜ್ಜ "ಅದ್ ಇರಲ್ರಿ, ನಮ್ ರಾಜಾನ್ ಕಥಿ ಮೊದ್ಲು ಕೇಳ್ರಿ" ಅಂದರು. ಮುಕ್ಕಾಲು ಗಂಟೆ ಕೂತು ಕೇಳಿದೆ.

ಊಟಕ್ಕೆ ಚಿಂತೆ ಬೇಡ. ಖಾನಾವಳಿಯಲ್ಲಿ ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ ಸಿಗುತ್ತದೆ. ಖಾರ ಜಾಸ್ತಿ, ಮೊಸರು ಮೊದಲೇ ಕೇಳಿಕೊಳ್ಳಿ. ಉಳಿಯೋಕೆ ಸುರಪುರದಲ್ಲಿ ಸಾದಾ ಲಾಡ್ಜ್ ಸಾಕು, ಮನೆಯವರ ಜೊತೆ ಹೋಗುವವರು ಯಾದಗಿರಿಯಲ್ಲಿ ರೂಮು ಮಾಡುವುದು ಉತ್ತಮ.

ಎರಡನೇ ದಿನ ಒಂದು ಗಾಡಿ ಮಾಡಿಕೊಳ್ಳಿ. ಬಸ್ಸು ನಂಬಿದರೆ ಮುಂದಿನ ಜಾಗಗಳಲ್ಲಿ ಅರ್ಧ ತಪ್ಪಿಹೋಗುತ್ತವೆ. ಮೊದಲು ಬೋನಾಳ ಕೆರೆ, ಸುರಪುರದಿಂದ ಸುಮಾರು 10 ಕಿಲೋಮೀಟರ್. ನಾಯಕರ ಕಾಲದ ಕೆರೆ, ಟೇಲರ್ ಅದನ್ನು ಅಭಿವೃದ್ಧಿ ಮಾಡಿದರು, ಈಗ ಪಕ್ಷಿಧಾಮ. ಸೂರ್ಯ ಹುಟ್ಟುವ ಹೊತ್ತಿಗೆ ಅಲ್ಲಿರಿ. ಚಳಿಗಾಲದಲ್ಲಿ ಹಿಮಾಲಯ ದಾಟಿ ಬರುವ ಹೆಬ್ಬಾತುಗಳು, ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ ಇರುವಂಥವು, ನೀರಿನ ಅಂಚಿನಲ್ಲಿ ಸಾಲಾಗಿ ನಿಂತಿರುತ್ತವೆ. ದುರ್ಬೀನು ಇದ್ದರೆ ಮರೆಯದೆ ತನ್ನಿ.

ಅಲ್ಲಿಂದ ಹುಣಸಗಿ, ಕೊಡೇಕಲ್ ಕಡೆ ರಾಜನಕೋಳೂರು. ಇದನ್ನು ದಯವಿಟ್ಟು ಬಿಡಬೇಡಿ. ಊರಾಚೆ ಹೊಲದ ಬದಿಗೆ ದೊಡ್ಡ ದೊಡ್ಡ ಕಲ್ಲು ಚಪ್ಪಡಿಗಳ ಮನೆಗಳಿವೆ. ಮೂರು ಕಡೆ ಚಪ್ಪಡಿ ನಿಲ್ಲಿಸಿ ಮೇಲೊಂದು ಹಾಸುಗಲ್ಲು ಮುಚ್ಚಿದ್ದು ಕೆಲವು. ನಾಲ್ಕೂ ಕಡೆ ಮುಚ್ಚಿ, ಒಂದು ಚಪ್ಪಡಿಯಲ್ಲಿ ದುಂಡಗೆ ತೂತು ಕೊರೆದದ್ದು ಇನ್ನು ಕೆಲವು. ಜನ 'ಮೋರೇರ ಮನೆ' ಅನ್ನುತ್ತಾರೆ, ಟೇಲರ್ ಕೂಡ ಆ ಹೆಸರನ್ನೇ ಕೇಳಿ ಬರೆದುಕೊಂಡರು. ಇವು ಸತ್ತವರಿಗಾಗಿ ಕಟ್ಟಿದವು ಅಂತ ಅವರು ಅಗೆಸಿ ನೋಡಿ ತಿಳಿದರು, ಮುಚ್ಚಿದವುಗಳಲ್ಲಿ ಬೂದಿ, ಮೂಳೆ ಸಿಕ್ಕಿದ್ದವು. ಇಂಗ್ಲೆಂಡ್, ಐರ್ಲೆಂಡಿನಲ್ಲೂ ಇಂಥವೇ ಇವೆಯಲ್ಲ ಅಂತ ಬೆರಗಾಗಿ ಅಳತೆ, ಚಿತ್ರ ಸಮೇತ ಬರೆದ ಲೇಖನ 1862ರಲ್ಲಿ ಡಬ್ಲಿನ್ನಿನ ರಾಯಲ್ ಐರಿಶ್ ಅಕಾಡೆಮಿಯಲ್ಲಿ ಅಚ್ಚಾಯಿತು. ಆ ತೂತಿನ ಅಂಚಿಗೆ ಬೆರಳು ಆಡಿಸಿ ನೋಡಿದೆ. ಕಬ್ಬಿಣದ ಯುಗದ ಯಾರೋ ಉಜ್ಜಿ ಉಜ್ಜಿ ನಯ ಮಾಡಿದ್ದು, ಈಗಲೂ ಕೈಗೆ ಚುಚ್ಚುವುದಿಲ್ಲ. ಕಲ್ಲಿನ ಮೇಲೆ ಹತ್ತಬೇಡಿ, ಒಳಗೆ ಕೈ ಹಾಕುವ ಮೊದಲು ಹಾವು ನೋಡಿಕೊಳ್ಳಿ. ಚಪ್ಪಲಿಯಲ್ಲ, ಗಟ್ಟಿ ಶೂ ಬೇಕು. ನೀರು ಜೊತೆಗೇ ಇರಲಿ.

ಇನ್ನೊಂದು ದಿನ ಇದ್ದವರು ಕೃಷ್ಣಾ ನದಿಯ ಜಲದುರ್ಗಕ್ಕೂ ಹೋಗಬಹುದು, ಅದು ಲಿಂಗಸುಗೂರು ತಾಲ್ಲೂಕು. ಟೇಲರ್ ಅವರ ಕೊನೆಯ ಕಾದಂಬರಿ 'ಎ ನೋಬಲ್ ಕ್ವೀನ್' ಶುರುವಾಗೋದೇ ಆ ಕಡೆಯ ಬೇಡರ ನಾಡಿನಲ್ಲಿ. ಚಾಂದ್ ಬೀಬಿಯ ಕಥೆ, ಅವರು ಸತ್ತ ಮೇಲೆ 1878ರಲ್ಲಿ ಬಂದದ್ದು. ಅವರ 'ತಾರಾ' ಓದುವ ಮನಸ್ಸಿದ್ದರೆ ಅದನ್ನು ಬಿಜಾಪುರ, ತುಳಜಾಪುರದ ಪ್ರವಾಸಕ್ಕೆ ಇಟ್ಟುಕೊಳ್ಳಿ. ಸುರಪುರ ಬಿಟ್ಟ ಮೇಲೆ ಅವರು ನಳದುರ್ಗದಲ್ಲಿದ್ದರು, ತುಳಜಾಪುರ ಅದರ ಪಕ್ಕದಲ್ಲೇ.

ಯಾದಗಿರಿಗೆ ವಾಪಸ್ ಬರುವಾಗ ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಒಮ್ಮೆ ಗಾಡಿ ನಿಲ್ಲಿಸಿ. ಹಳೇ ಕಾಲದವರು ಬಯಲಿನಲ್ಲಿ ಸಾಲು ಸಾಲಾಗಿ ಇಟ್ಟ ಕಲ್ಲುಗುಂಡುಗಳಿವೆ ಅಲ್ಲಿ. ಮಧ್ಯಾಹ್ನ ಹೋದರೆ ಯಾರೋ ಸುಮ್ನೆ ಗುಂಡು ಚೆಲ್ಲಿದ ಹಾಗೆ ಕಾಣುತ್ತದೆ, ಏನೂ ತಿಳಿಯಲ್ಲ. ಸಂಜೆ ಐದರ ಮೇಲೆ ಹೋಗಿ. ಒಂದು ಕಲ್ಲಿನ ಹಿಂದೆ ನಿಂತು ನೇರ ನೋಡಿದರೆ ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು, ಅಡ್ಡಕ್ಕೂ ಸಾಲು, ಓರೆಗೂ ಸಾಲು. ನೆರಳು ಉದ್ದ ಆದಾಗ ಆ ಸಾಲುಗಳು ತಾವೇ ಎದ್ದು ಬರುತ್ತವೆ. ಇವನ್ನೂ ಟೇಲರ್ ನೋಡಿ ಬರೆದಿದ್ದಾರೆ. ರಾತ್ರಿ ರೈಲಿಗೆ ಆಗಲೂ ಸಾಕಷ್ಟು ಸಮಯ ಇರುತ್ತದೆ.