ಚೆನ್ನೈನಲ್ಲಿ ಬರೆದ ವರ್ಕ್ ಇನ್‌ಸ್ಟ್ರಕ್ಷನ್, ಹ್ವಾರೆಸ್‌ನ ಒಣಗಾಳಿ

ಮೆಕ್ಸಿಕೊದ ಉತ್ತರ ಗಡಿಯಲ್ಲಿ, ಅಮೆರಿಕದ ಎಲ್ ಪಾಸೊ ನಗರಕ್ಕೆ ಎದುರಾಗಿ ನಿಂತಿರುವ ಸಿಯುದಾದ್ ಹ್ವಾರೆಸ್‌ಗೆ ನಾನು ಹೋದದ್ದು ಕಾರುಗಳ ವೈರಿಂಗ್ ಹಾರ್ನೆಸ್ (ತಂತಿಗಳನ್ನು ಒಟ್ಟಾಗಿ ಕಟ್ಟಿದ ಗೊಂಚಲು) ತಯಾರಿಸುವ ನಮ್ಮ ಕಂಪನಿಯ ಘಟಕದ ಕೆಲಸಕ್ಕಾಗಿ. ಚೆನ್ನೈ ಬಳಿಯ ಶ್ರೀಪೆರಂಬುದೂರಿನಲ್ಲಿ ಸುಸೂತ್ರವಾಗಿ ನಡೆಯುತ್ತಿದ್ದ ಜೋಡಣೆಯ ಲೈನೊಂದನ್ನು ತಂತಿ ಹಾಸುವ ಬೋರ್ಡು, ಬಿಡಿಭಾಗ, ವರ್ಕ್ ಇನ್‌ಸ್ಟ್ರಕ್ಷನ್ (ಕೆಲಸದ ಹೆಜ್ಜೆಗಳ ಲಿಖಿತ ಸೂಚನೆ) ಯಾವುದನ್ನೂ ಬದಲಿಸದೆ ಅಲ್ಲಿಗೆ ಸ್ಥಳಾಂತರಿಸಲಾಗಿತ್ತು. ಆದರೆ ಚಳಿಗಾಲ ಕಾಲಿಟ್ಟೊಡನೆ ತಂತಿಗಳನ್ನು ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳಾದ ಕೇಬಲ್ ಟೈಗಳು ಬಿಗಿಯುವಾಗಲೇ ಮುರಿಯತೊಡಗಿದವು, ಕನೆಕ್ಟರ್‌ಗಳ ಲಾಕ್‌ಗಳು ಬಿರುಕು ಬಿಡತೊಡಗಿದವು. ವರದಿಗಳಲ್ಲಿ ಕಾರಣದ ಜಾಗದಲ್ಲಿ ಇದ್ದದ್ದು ಒಂದೇ ಮಾತು: ಹೊಸ ಕೆಲಸಗಾರರು, ತರಬೇತಿ ಸಾಲದು.

ಈ ಕಾರಣವನ್ನು ನಂಬುವುದು ಸುಲಭವಾಗಿತ್ತು. ಅಮೆರಿಕದ ಹೊಲಗಳಲ್ಲಿ ದುಡಿಯಲು ಮೆಕ್ಸಿಕೊದವರಿಗೆ ಅವಕಾಶ ಕೊಡುತ್ತಿದ್ದ ಒಪ್ಪಂದ 1964ರಲ್ಲಿ ಮುಗಿದ ಮೇಲೆ, ಗಡಿಯಲ್ಲಿ ಉದ್ಯೋಗ ಸೃಷ್ಟಿಸಲು ಮೆಕ್ಸಿಕೊ ಸರ್ಕಾರ 1965ರಲ್ಲಿ ಆರಂಭಿಸಿದ ಯೋಜನೆಯಿಂದ ಬೆಳೆದ ಊರು ಇದು. ಬಿಡಿಭಾಗಗಳನ್ನು ಸುಂಕವಿಲ್ಲದೆ ತಂದು, ಜೋಡಿಸಿ, ಮತ್ತೆ ಗಡಿಯ ಸೇತುವೆ ದಾಟಿಸಿ ಅಮೆರಿಕಕ್ಕೆ ಕಳಿಸುವ ಈ ಕಾರ್ಖಾನೆಗಳನ್ನು ಅಲ್ಲಿ ಮಕಿಲಾದೋರಾ ಎನ್ನುತ್ತಾರೆ. ಕೆಲಸಗಾರರಲ್ಲಿ ಅನೇಕರು ಬೆರಾಕ್ರೂಸ್‌ನಂಥ ದೂರದ ದಕ್ಷಿಣದ ರಾಜ್ಯಗಳಿಂದ ಬಂದವರು. ಕಾನೂನಿನ ಪ್ರಕಾರ ಕನಿಷ್ಠ 15 ದಿನಗಳ ಸಂಬಳದಷ್ಟಿರಬೇಕಾದ ಅಗಿನಾಲ್ದೊ ಎಂಬ ಬೋನಸ್ ಡಿಸೆಂಬರ್ 20ರೊಳಗೆ ಕೈಸೇರುತ್ತದೆ. ಅದನ್ನು ಪಡೆದು ಕ್ರಿಸ್‌ಮಸ್‌ಗೆ ಊರಿಗೆ ಹೋದವರೆಲ್ಲ ಹಿಂತಿರುಗುವುದಿಲ್ಲ. ಹಾಗಾಗಿ ಜನವರಿಯಲ್ಲಿ ಲೈನಿನ ತುಂಬ ಹೊಸ ಮುಖಗಳೇ.

ಆದರೆ ಅದೇ ಜನವರಿ ಇನ್ನೊಂದು ಕಾರಣಕ್ಕೂ ವರ್ಷದ ಅತಿ ಕಠಿಣ ಕಾಲ. ಚಿಹುವಾಹುವಾ ಮರುಭೂಮಿಯಲ್ಲಿರುವ ಈ ಊರು ಬೆಂಗಳೂರಿಗಿಂತ ಎತ್ತರದಲ್ಲಿ, ಸುಮಾರು 1,100 ಮೀಟರ್ ಮೇಲಿದೆ. ವರ್ಷದ ಮಳೆ 250 ಮಿಲಿಮೀಟರ್‌ ಆಸುಪಾಸು, ದಕ್ಷಿಣಕ್ಕೆ ಸ್ವಲ್ಪ ದೂರ ಹೋದರೆ ಸಮಲಾಯುಕದ ಮರಳು ದಿಬ್ಬಗಳು. ಮರುಭೂಮಿ ಎಂದರೆ ಬಿಸಿಲು ಎಂದುಕೊಂಡು ಹೋದವರಿಗೆ ಅಲ್ಲಿನ ಸೊನ್ನೆ ಡಿಗ್ರಿಯ ಮುಂಜಾವು ಬೇರೆಯೇ ಪಾಠ ಹೇಳುತ್ತದೆ. ಹೊರಗೆ 5 ಡಿಗ್ರಿಯಲ್ಲಿ ಶೇ 40ರಷ್ಟು ಸಾಪೇಕ್ಷ ಆರ್ದ್ರತೆಯಿರುವ (ಅಂದರೆ ಆ ಉಷ್ಣಾಂಶದಲ್ಲಿ ಹಿಡಿಯಬಲ್ಲ ತೇವದ ಶೇ 40ರಷ್ಟಿರುವ) ಗಾಳಿಯನ್ನು ಒಳಗೆ 22 ಡಿಗ್ರಿಗೆ ಬಿಸಿ ಮಾಡಿದರೆ, ಅದರಲ್ಲಿರುವ ನೀರಿನ ಪ್ರಮಾಣ ಅಷ್ಟೇ ಇದ್ದರೂ, ಆರ್ದ್ರತೆ ಶೇ 13ರ ಸುಮಾರಿಗೆ ಇಳಿಯುತ್ತದೆ. ಕಾರ್ಖಾನೆಯ ಹೀಟರ್‌ಗಳು ದಿನವಿಡೀ ಮಾಡುತ್ತಿದ್ದದ್ದು ಇದನ್ನೇ.

ಕೇಬಲ್ ಟೈ ಮತ್ತು ಅನೇಕ ಕನೆಕ್ಟರ್‌ಗಳು ನೈಲಾನ್ 66ರಿಂದ ಆಗಿರುತ್ತವೆ. ಅಚ್ಚಿನಿಂದ ಹೊರಬಂದಾಗ ಒಣಗಿ ಪೆಡಸಾಗಿರುವ ಈ ನೈಲಾನ್, ಗಾಳಿಯ ತೇವವನ್ನು ಹೀರಿಕೊಂಡ ಮೇಲೆಯೇ ಬಾಗುವ ಗುಣ ಪಡೆಯುತ್ತದೆ. ಶೇ 50ರ ಆರ್ದ್ರತೆಯಲ್ಲಿ ಅದರ ತೂಕದ ಶೇ 2.5ರಷ್ಟು ನೀರೇ ಇರುತ್ತದೆ. ತಯಾರಕರು ಟೈಗಳನ್ನು ತೇವಗೊಳಿಸಿ ಮುಚ್ಚಿದ ಪೊಟ್ಟಣದಲ್ಲಿ ಕಳಿಸುವುದು ಅದಕ್ಕೇ. ಸಮುದ್ರದ ಹತ್ತಿರದ ಚೆನ್ನೈ ಸೀಮೆಯಲ್ಲಿ ಪೊಟ್ಟಣ ವಾರಗಟ್ಟಲೆ ತೆರೆದಿದ್ದರೂ ತೊಂದರೆಯಿಲ್ಲ, ಗಾಳಿಯ ತೇವವೇ ಟೈಗಳನ್ನು ಕಾಪಾಡುತ್ತದೆ. ಹಾಗಾಗಿ ಅಲ್ಲಿ ಬರೆದ ವರ್ಕ್ ಇನ್‌ಸ್ಟ್ರಕ್ಷನ್‌ನಲ್ಲಿ ಟೈ ಎಷ್ಟು ಬಿಗಿಯಬೇಕೆಂಬುದಿತ್ತೇ ಹೊರತು ಪೊಟ್ಟಣದ ಬಗ್ಗೆ ಒಂದಕ್ಷರವೂ ಇರಲಿಲ್ಲ.

ಎರಡು ಕಾರಣಗಳು ಒಂದೇ ತಿಂಗಳಲ್ಲಿ ಬಂದು ಕೂತರೆ ಅಂಕಿಅಂಶಗಳನ್ನು ಎಷ್ಟು ತಿರುವಿ ಹಾಕಿದರೂ ಅವು ಬೇರ್ಪಡುವುದಿಲ್ಲ. ಆದ್ದರಿಂದ ಒಂದೇ ಬ್ಯಾಚಿನ ಟೈಗಳಲ್ಲಿ ಆಗತಾನೇ ಒಡೆದ ಪೊಟ್ಟಣದವನ್ನೂ, ರ‍್ಯಾಕಿನಲ್ಲಿ ತೆರೆದೇ ಬಿದ್ದಿದ್ದವನ್ನೂ ಹಳಬರಿಗೂ ಹೊಸಬರಿಗೂ ಕೊಟ್ಟು ಬಿಗಿಸಿದೆವು. ತೆರೆದ ಪೊಟ್ಟಣದವು ಇಬ್ಬರ ಕೈಯಲ್ಲೂ ಮುರಿದವು. ಹೊಸದರಲ್ಲಿ ಹೊಸಬರ ಕೈಯೂ ತಪ್ಪಲಿಲ್ಲ. ಲ್ಯಾಬಿನ ತಕ್ಕಡಿಯಲ್ಲಿ ತೂಗಿದಾಗ ತೆರೆದಿಟ್ಟ ಟೈಗಳು ನೀರು ಕಳೆದುಕೊಂಡು ಹಗುರವಾಗಿದ್ದವು.

ಇದೆಲ್ಲ ಗೊತ್ತಿದ್ದ ಒಬ್ಬರು ಅದೇ ಲೈನಿನಲ್ಲಿದ್ದರು. ಅಲ್ಲಿನ ಲೈನ್ ಲೀಡರ್, ಬಹಳ ವರ್ಷಗಳಿಂದ ಮಕಿಲಾದೋರಾಗಳಲ್ಲಿ ದುಡಿದ ಮಹಿಳೆ, ತಮ್ಮ ಭಾಗದ ಟೈಗಳನ್ನು ಮುಚ್ಚಳದ ಡಬ್ಬಿಯಲ್ಲಿಟ್ಟು ಪಕ್ಕಕ್ಕೊಂದು ಒದ್ದೆ ಸ್ಪಂಜು ಇಡುತ್ತಿದ್ದರು. "ಮೊದಲೇ ಏಕೆ ಹೇಳಲಿಲ್ಲ?" ಎಂದು ದುಭಾಷಿಯ ಮೂಲಕ ಕೇಳಿದೆ. "ಎಂಜಿನಿಯರೇ, ಆಡಿಟ್ ದಿನ ಸ್ಪಂಜು ತೆಗೆಸುತ್ತಾರೆ, ಕಾಗದದಲ್ಲಿ ಇಲ್ಲವಲ್ಲ," ಎಂದರು. ಪ್ರಕ್ರಿಯೆಯ ಶಿಸ್ತಿನ ಹೆಸರಿನಲ್ಲಿ ಪ್ರಕ್ರಿಯೆಯನ್ನು ಉಳಿಸಿದ್ದ ಒಂದೇ ಉಪಾಯವನ್ನು ತೆಗೆಸುತ್ತಿದ್ದರು ಎಂಬುದು ನನಗೆ ಈಗಲೂ ಕಿರಿಕಿರಿ ತರುವ ಸಂಗತಿ.

ಪರಿಹಾರ ದುಬಾರಿಯಾಗಲಿಲ್ಲ. ಒಂದು ಶಿಫ್ಟಿಗೆ ಬೇಕಾದಷ್ಟೇ ಪೊಟ್ಟಣ ಒಡೆಯುವುದು, ಉಳಿದದ್ದನ್ನು ಮುಚ್ಚಿದ ಡಬ್ಬಿಯಲ್ಲಿಡುವುದು, ಸ್ಟೋರ್ಸ್‌ನ ಒಂದು ಕೋಣೆಗೆ ಹ್ಯುಮಿಡಿಫೈಯರ್ ಅಳವಡಿಸುವುದು, ಆರ್ದ್ರತೆಯನ್ನು ಪ್ರತಿ ಶಿಫ್ಟಿನ ಆರಂಭದಲ್ಲಿ ಬರೆದಿಡುವುದು. ಇದೇ ನೆಪದಲ್ಲಿ ಎಲೆಕ್ಟ್ರಾನಿಕ್ ಫ್ಯೂಸ್ ಬಾಕ್ಸ್ ಜೋಡಿಸುವ ಜಾಗದ, ಸ್ಥಿರವಿದ್ಯುತ್ತನ್ನು ತಡೆಯುವ ಮ್ಯಾಟು, ಪಾದರಕ್ಷೆಗಳನ್ನೂ ಪರಿಶೀಲಿಸಿದೆವು. ಒಣಗಾಳಿಯಲ್ಲಿ ಸ್ಥಿರವಿದ್ಯುತ್ತಿನ ಕಾಟ ಹೆಚ್ಚಾದ್ದರಿಂದ ಇಂಥ ಸಾಮಗ್ರಿಗಳನ್ನು ಶೇ 12ರ ಸುಮಾರಿನ ಆರ್ದ್ರತೆಯಲ್ಲಿ ಪರೀಕ್ಷಿಸುವ ಪದ್ಧತಿಯಿದೆ, ನಮ್ಮವುಗಳ ಪ್ರಮಾಣಪತ್ರದಲ್ಲಿ ಅದು ಇದೆಯೇ ಎಂದು ನೋಡಬೇಕಿತ್ತು.

ಈಗ ಯಾವುದೇ ಲೈನು ಬೇರೆ ಊರಿಗೆ ಹೋಗುವ ಮುನ್ನ ಆ ಊರಿನ ಹನ್ನೆರಡು ತಿಂಗಳ ಉಷ್ಣಾಂಶ ಹಾಗೂ ಆರ್ದ್ರತೆಯ ಪಟ್ಟಿಯನ್ನು, ಅದರ ಪಕ್ಕದಲ್ಲೇ ಕೆಲಸಗಾರರು ಯಾವ ತಿಂಗಳಲ್ಲಿ ಹೆಚ್ಚು ಬದಲಾಗುತ್ತಾರೆ ಎಂಬುದನ್ನು ನಾನು ಕೇಳಿ ಪಡೆಯುತ್ತೇನೆ. ಹ್ವಾರೆಸ್‌ನಲ್ಲಿ ಜನವರಿಯ ಹೊಸಬರಿಗೆ ಟೈ ಬಿಗಿಯುವುದನ್ನು ಕಲಿಸುವ ಹೊಣೆ ಆ ಲೈನ್ ಲೀಡರ್‌ಗೇ ಸೇರಿದೆ, ಮತ್ತು ಮುಚ್ಚಳದ ಡಬ್ಬಿಗೆ ವರ್ಕ್ ಇನ್‌ಸ್ಟ್ರಕ್ಷನ್‌ನಲ್ಲಿ ಚಿತ್ರಸಹಿತ ಒಂದು ಹೆಜ್ಜೆ ಸಿಕ್ಕಿದೆ.